ಟ್ರಯಲ್ ಮುಗಿದ ಮೇಲೆ ಯಾವ ಮಾತ್ರೆ? ಔಷಧ ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಭಾರತದ ಔಷಧ ಮಹಾನಿಯಂತ್ರಕರು,
ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ,
ಎಫ್‌ಡಿಎ ಭವನ, ಕೋಟ್ಲಾ ರಸ್ತೆ, ನವದೆಹಲಿ.

ಪ್ರತಿ: ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು. ಹಾಗೇ ಮನೋರೋಗದ ಹೊಸ ಔಷಧಗಳ ಪ್ರಯೋಗಕ್ಕೆ ಸಹಿ ಹಾಕುವ ಎಲ್ಲ ಎಥಿಕ್ಸ್ ಕಮಿಟಿ (ಪ್ರಯೋಗ ರೋಗಿಗೆ ನ್ಯಾಯವಾಗಿದೆಯೇ ಅಂತ ನೋಡುವ ಸಮಿತಿ) ಸದಸ್ಯರಿಗೆ.

ಮಾನ್ಯರೇ,

ನಾನು ದಾವಣಗೆರೆ ಜಿಲ್ಲೆಯವಳು. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಮನೋರೋಗ. ಅವನು ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಅದನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗಕ್ಕೆ, ಸೇರಿದ್ದ. ಮಾತ್ರೆ ಅವನಿಗೆ ಚೆನ್ನಾಗಿ ಹಿಡಿಸಿತು. ಟ್ರಯಲ್ ಮುಗಿಯಿತು. ಮಾತ್ರೆಯೂ ನಿಂತಿತು. ಅವನು ಮತ್ತೆ ಕಾಯಿಲೆ ಬಿದ್ದ. ಹೇಳಬೇಕಾದ್ದು ಇಷ್ಟೇ. ಆದರೆ ಯಾಕೆ ಹೀಗಾಯಿತು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಉತ್ತರ ಕೊನೆಗೆ ನಿಮ್ಮ ಕಚೇರಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಪತ್ರ.

ಆಸ್ಪತ್ರೆಯ ಹೆಸರು, ಕಂಪನಿಯ ಹೆಸರು, ಮಾತ್ರೆಯ ಕೋಡ್ ನಂಬರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅವರನ್ನು ಬಯ್ಯುವುದರಿಂದ ನನಗೇನೂ ಆಗಬೇಕಾಗಿಲ್ಲ. ಅಲ್ಲಿನ ಡಾಕ್ಟರು ಒಳ್ಳೆಯವರು, ಫೋನ್ ಮಾಡಿದರೆ ಎತ್ತುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಅವರು ಮಾಡಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು. ತಕರಾರು ಇರುವುದು ಆ ನಿಯಮದ ಮೇಲೆ. ಅದನ್ನು ಜಾರಿ ಮಾಡುವವರು ನೀವು, ಬದಲಿಸಬೇಕು ಅಂತ ಆರೋಗ್ಯ ಸಚಿವಾಲಯಕ್ಕೆ ಅಧಿಕಾರದಿಂದ ಹೇಳಬಲ್ಲವರೂ ನೀವೇ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಟ್ರಯಲ್‌ಗಳ ವಿರೋಧಿ ಅಲ್ಲ. ಟ್ರಯಲ್ ಅಂದ ಕೂಡಲೇ "ನಮ್ಮ ಜನರನ್ನು ಇಲಿ ಮಾಡಿಕೊಂಡಿದ್ದಾರೆ" ಅಂತ ಶುರು ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಮನೆಯಲ್ಲಿ ಈ ಕಾಯಿಲೆ ಇರುವುದಿಲ್ಲ, ಅಷ್ಟೇ. ಯಾವ ಮಾತ್ರೆಗೂ ಬಗ್ಗದ ರೋಗಿಗಳಿಗೆ ಕ್ಲೋಝಪೈನ್ ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ಗೊತ್ತಾಗಿದ್ದು 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಟ್ರಯಲ್‌ನಿಂದ. ಹಳೆಯ ಕ್ಲೋರ್‌ಪ್ರೊಮಝೀನ್ ತೆಗೆದುಕೊಂಡವರಲ್ಲಿ ನೂರಕ್ಕೆ 4 ಮಂದಿ ಸುಧಾರಿಸಿದರೆ, ಕ್ಲೋಝಪೈನ್ ತೆಗೆದುಕೊಂಡವರಲ್ಲಿ 30 ಮಂದಿ ಸುಧಾರಿಸಿದ್ದರು. ಆ ಟ್ರಯಲ್‌ಗೆ ಯಾರೋ ತಮ್ಮ ಮಗನನ್ನೋ ಅಕ್ಕನನ್ನೋ ಸೇರಿಸಿದ್ದಕ್ಕೇ ಇವತ್ತು ನಮ್ಮ ಜಿಲ್ಲೆಗಳಲ್ಲೂ ಎಷ್ಟೋ ಜನ ಮನೆಯಲ್ಲಿ ಊಟ ಮಾಡಿಕೊಂಡು ಇದ್ದಾರೆ.

ಹೊಸ ಮಾತ್ರೆಗಳು ಬೇಕೇ ಬೇಕು. 1950ರ ದಶಕದಿಂದ ಹಿಡಿದು ಮೊನ್ನೆಮೊನ್ನೆಯವರೆಗೆ ಈ ಕಾಯಿಲೆಗೆ ಬಂದ ಮಾತ್ರೆಗಳೆಲ್ಲ ಹೆಚ್ಚೂಕಮ್ಮಿ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕದ ದಾರಿಯನ್ನೇ ಹಿಡಿದವು. ಕೈ ನಡುಕ, ಜೊಲ್ಲು, ಮೈ ಬಿಗಿತ, ಇಲ್ಲದಿದ್ದರೆ ಏರುವ ತೂಕ, ಶುಗರ್, ಮಧ್ಯಾಹ್ನದವರೆಗೂ ಏಳಲಾಗದ ನಿದ್ದೆ. ಇವು ನಮ್ಮಂಥ ಮನೆಗಳಿಗೆ ಹೊಸದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಝನೊಮೆಲಿನ್ ಮತ್ತು ಟ್ರೋಸ್ಪಿಯಂ ಸೇರಿಸಿ ಮಾಡಿದ ಕಾಬೆನ್‌ಫಿ ಅನ್ನುವ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅದು ಮಿದುಳಿನ ಜೀವಕೋಶಗಳು ಡೋಪಮೈನ್ ಹಿಡಿಯುವ ಗ್ರಾಹಕಗಳನ್ನು ತಡೆಯದೆ, ಮಸ್ಕರಿನಿಕ್ ಅನ್ನುವ ಬೇರೆ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ. ಅದಾಗಿ ಎರಡೇ ತಿಂಗಳಿಗೆ, ಅದೇ ದಾರಿಯ ಎಮ್ರಾಕ್ಲಿಡೀನ್ ಅನ್ನುವ ಇನ್ನೊಂದು ಮಾತ್ರೆ ಎರಡು ಟ್ರಯಲ್‌ಗಳಲ್ಲಿ ಸೋತಿತು. ಹೋಲಿಸಿ ನೋಡುವುದಕ್ಕೆ ಕೊಟ್ಟ, ಔಷಧವೇ ಇಲ್ಲದ ಖಾಲಿ ಮಾತ್ರೆ ನುಂಗಿದವರೂ ಅಲ್ಲಿ ಸಾಕಷ್ಟು ಸುಧಾರಿಸಿದ್ದರು. ಅಂದರೆ ಯಾವುದು ನಿಜವಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷೆ ಮಾಡದೆ ಹೇಳುವುದಕ್ಕೆ ಆಗುವುದಿಲ್ಲ. ಇದನ್ನೆಲ್ಲ ಒಪ್ಪಿಕೊಂಡೇ ತಮ್ಮನನ್ನು ಸೇರಿಸಿದ್ದು.

ಈಗ ನಾನು ಕಣ್ಣಾರೆ ಕಂಡದ್ದು.

ಸಮ್ಮತಿ ಪತ್ರ ಒಂದು ಸಣ್ಣ ಪುಸ್ತಕದಷ್ಟಿತ್ತು. ಮುಂದೆ ಕ್ಯಾಮೆರಾ ಇಟ್ಟಿದ್ದರು. ಹೊಸ ಅಣುವಿನ ಔಷಧದ ಟ್ರಯಲ್ ಆದರೆ, ಸೇರುವವರು ದುರ್ಬಲ ಸ್ಥಿತಿಯಲ್ಲಿದ್ದರೆ, ಒಪ್ಪಿಗೆಯನ್ನು ಆಡಿಯೊ-ವಿಡಿಯೊ ಮಾಡಬೇಕು ಅಂತ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಒಳ್ಳೆಯದೇ. ಕೋಆರ್ಡಿನೇಟರ್ ಹುಡುಗಿ ಪುಟ ತಿರುವುತ್ತಾ ಓದಿದಳು, ಪ್ರತಿ ಪುಟದ ಕೊನೆಗೆ "ಅರ್ಥ ಆಯ್ತಾ ಸಾರ್?" ಅಂದಳು, ಅವನು "ಆಯ್ತು" ಅಂದ. ಕ್ಯಾಮೆರಾದಲ್ಲಿ ಎಲ್ಲ ಸರಿಯಾಗಿಯೇ ಬಂದಿರುತ್ತದೆ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ: "ಅಕ್ಕಾ, ಇದನ್ನ ಎಲ್ಲಿವರೆಗೂ ಕೊಡ್ತಾರೆ?" ನಾನು ಫಾರಂ ತೆಗೆದು ಹುಡುಕಿದೆ. ಯಾವ ಯಾವ ದಿನ ರಕ್ತ ಕೊಡಬೇಕು, ಯಾವ ದಿನ ಇಸಿಜಿ, ಉಳಿದ ಮಾತ್ರೆಗಳನ್ನು ಬಾಟಲಿ ಸಮೇತ ಹೇಗೆ ವಾಪಸ್ ತರಬೇಕು, ಎಲ್ಲ ಇತ್ತು. ಟ್ರಯಲ್ ಮುಗಿದ ಮೇಲೆ ಏನು ಅನ್ನುವುದಕ್ಕೆ ಇದ್ದದ್ದು ಒಂದೇ ಸಾಲು: "ನಿಮ್ಮ ವೈದ್ಯರು ಲಭ್ಯವಿರುವ ಇತರ ಚಿಕಿತ್ಸೆಗಳ ಬಗ್ಗೆ ನಿಮ್ಮೊಂದಿಗೆ ಚರ್ಚಿಸುತ್ತಾರೆ."

ಮೊದಲ ಭಾಗದಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಖಾಲಿ ಮಾತ್ರೆ ಅಂತ ಡಾಕ್ಟರಿಗೂ ಗೊತ್ತಿರಲಿಲ್ಲ. ಅದು ಕೆಲವೇ ವಾರ. ಆಮೇಲೆ ಎಲ್ಲರಿಗೂ ನಿಜವಾದ ಮಾತ್ರೆಯನ್ನೇ ಕೊಡುವ ಮುಂದುವರಿದ ಭಾಗ, ಅದು ತಿಂಗಳುಗಟ್ಟಲೆ ನಡೆಯಿತು. ಪ್ರತಿ ಭೇಟಿಯಲ್ಲೂ ಒಬ್ಬರು ಕೂತು ಮಾತಾಡಿಸಿ ಅಂಕ ಹಾಕುತ್ತಿದ್ದರು. ಪ್ಯಾನ್ಸ್ ಅಂತ ಆ ಅಳತೆಯ ಹೆಸರು. 30 ಅಂಶ, ಒಂದೊಂದಕ್ಕೂ 1ರಿಂದ 7. ಧ್ವನಿ ಕೇಳಿಸುತ್ತಾ, ಯಾರಾದರೂ ಹಿಂಬಾಲಿಸುತ್ತಿದ್ದಾರೆ ಅನ್ನಿಸುತ್ತಾ, ಹೀಗೆಲ್ಲ ಕೇಳುತ್ತಾರೆ. ಅದರ ನಡುವೆ ಗಾದೆಯ ಅರ್ಥವನ್ನೂ ಕೇಳುತ್ತಾರೆ, ಮಾತಿನ ಹಿಂದಿನ ಮಾತು ತಿಳಿಯುತ್ತದೋ ಇಲ್ಲವೋ ಅಂತ ನೋಡುವುದಕ್ಕೆ. ಮೊದಲ ಸಲ ನಾನೂ ಪಕ್ಕದಲ್ಲಿ ಕೂತಿದ್ದೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಅಂದರೆ ಏನು ಅಂತ ಕೇಳಿದರು. ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಕುಂಬಳಕಾಯಿ ಭಾರ ಇರುತ್ತಲ್ಲ, ಹೆಗಲು ನೋಯುತ್ತೆ" ಅಂದ. ಮುಂದುವರಿದ ಭಾಗಕ್ಕೆ ಬಂದು ಕೆಲವು ತಿಂಗಳಾದ ಮೇಲೆ ಅದೇ ಗಾದೆ ಮತ್ತೆ ಬಂತು. ನಕ್ಕನಂತೆ. "ಸಾರ್, ಇದನ್ನ ನಮ್ ಮಾವನಿಗೆ ಹೇಳ್ಬೇಕು, ಯಾರು ಸಾಲದ ವಿಷ್ಯ ತೆಗೆದ್ರೂ ಎದ್ದು ಹೋಗ್ತಾರೆ" ಅಂದನಂತೆ. ಅಂಕ ಎಷ್ಟು ಇಳಿಯಿತೋ ನನಗೆ ಗೊತ್ತಿಲ್ಲ, ನಮಗೆ ಹೇಳುವುದೂ ಇಲ್ಲ. ನನಗೆ ಗೊತ್ತಿರುವುದು ಅವನು ಮಂಡಕ್ಕಿ ಭಟ್ಟಿಗೆ ಲೆಕ್ಕ ಬರೆಯುವುದಕ್ಕೆ ಹೋಗತೊಡಗಿದ ಅನ್ನುವುದು. ಸಂಬಳ ತಂದು ಅಮ್ಮನ ಕೈಗೆ ಕೊಟ್ಟ. ಹಿಂದಿನ ಮಾತ್ರೆಗಳಲ್ಲಿ ಇಷ್ಟು ಸುಧಾರಣೆಯನ್ನು ನಾವು ನೋಡಿರಲಿಲ್ಲ.

ಹೀಗಿರುವಾಗ ಒಂದು ಭೇಟಿಯಲ್ಲಿ ಬಾಟಲಿ ವಾಪಸ್ ತೆಗೆದುಕೊಂಡರು, ಹೊಸದು ಕೊಡಲಿಲ್ಲ. ಅಧ್ಯಯನ ಮುಗಿದಿದೆ ಅಂದರು. ಮೊದಲು ತೆಗೆದುಕೊಳ್ಳುತ್ತಿದ್ದ ಒಲಾಂಜಪೈನ್ ಬರೆದುಕೊಟ್ಟರು. ಮಾತ್ರೆಯಲ್ಲಿ ಏನಾದರೂ ದೋಷ ಕಂಡುಬಂತಾ ಅಂತ ಕೇಳಿದೆ, ಹಾಗೇನಿಲ್ಲ ಅಂದರು. ದುಡ್ಡು ಕೊಟ್ಟರೆ ಸಿಗುತ್ತಾ ಅಂತ ಕೇಳಿದೆ, ಮಾರಾಟಕ್ಕೆ ಬಂದಿಲ್ಲ ಅಂದರು. ಕಂಪನಿಗೆ ಬರೆದು ಕೇಳಿ ಅಂದಾಗ ಡಾಕ್ಟರು ಸ್ವಲ್ಪ ಮುಜುಗರದಿಂದಲೇ ಅದೇ 2019ರ ನಿಯಮಗಳಲ್ಲಿನ ನಿಯಮ 27 ಓದಿ ಹೇಳಿದರು.

ಆ ನಿಯಮ ನಿಮಗೆ ಬಾಯಿಪಾಠ ಇರುತ್ತದೆ. ಆದರೂ ಈ ಪತ್ರ ಓದುವ ಉಳಿದವರಿಗಾಗಿ ಬರೆಯುತ್ತೇನೆ. ಟ್ರಯಲ್ ಮುಗಿದ ಮೇಲೂ ರೋಗಿಗೆ ಅದೇ ಔಷಧವನ್ನು ಕಂಪನಿ ಉಚಿತವಾಗಿ ಕೊಡಬೇಕಾದರೆ ಟ್ರಯಲ್ ನಡೆಸಿದ ವೈದ್ಯರು ಶಿಫಾರಸು ಮಾಡಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು, ಔಷಧದಿಂದ ರೋಗಿಗೆ ಉಪಯೋಗ ಆಗಿರಬೇಕು, ಮುಂದೆ ಏನಾದರೂ ಆದರೆ ಕಂಪನಿ ಹೊಣೆಯಲ್ಲ ಅಂತ ರೋಗಿ ಬರೆದುಕೊಡಬೇಕು. ಇಷ್ಟೂ ನಮಗೆ ಒಪ್ಪಿಗೆ. ಇದೆಲ್ಲದರ ಜೊತೆ ಇನ್ನೊಂದು ಷರತ್ತಿದೆ: ಆ ಕಾಯಿಲೆಗೆ ಬೇರೆ ಯಾವ ಚಿಕಿತ್ಸೆಯೂ ಇರಬಾರದು.

ಸ್ಕಿಜೋಫ್ರೇನಿಯಾಕ್ಕೆ ಬೇರೆ ಚಿಕಿತ್ಸೆ ಇಲ್ಲ ಅಂತ ಯಾರು ಹೇಳುತ್ತಾರೆ? ಜಿಲ್ಲಾ ಆಸ್ಪತ್ರೆಗೆ ಹೋದರೆ ರಿಸ್ಪೆರಿಡೋನ್, ಒಲಾಂಜಪೈನ್ ಪುಕ್ಕಟೆ ಸಿಗುತ್ತವೆ. ಡಿಪ್ರೆಶನ್‌ಗೆ, ಬೈಪೋಲಾರ್‌ಗೆ, ಒಸಿಡಿಗೆ, ಎಲ್ಲಕ್ಕೂ ಯಾವುದೋ ಒಂದು ಮಾತ್ರೆ ಇದ್ದೇ ಇದೆ. ಅದು ಈ ರೋಗಿಗೆ ಹಿಡಿಸುತ್ತಾ ಇಲ್ಲವಾ ಅಂತ ನಿಯಮ ಕೇಳುವುದೇ ಇಲ್ಲ. ಹಾಗಾಗಿ ಈ ಷರತ್ತು ಇರುವವರೆಗೆ ಮನೋರೋಗದ ಟ್ರಯಲ್‌ಗೆ ಸೇರಿದ ಹೆಚ್ಚುಕಮ್ಮಿ ಯಾರಿಗೂ ನಿಯಮ 27ರ ಅಡಿಯಲ್ಲಿ ಔಷಧ ಸಿಗುವುದಿಲ್ಲ. ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಇಲ್ಲೇ ನನ್ನ ಹೊಟ್ಟೆ ಉರಿಯುವುದು. ಬೇರೆ ಚಿಕಿತ್ಸೆ ಇದೆಯಲ್ಲ ಅನ್ನುವ ಮಾತು ಟ್ರಯಲ್ ಶುರುವಾಗುವಾಗ ಯಾಕೆ ಯಾರಿಗೂ ಅಡ್ಡ ಬರುವುದಿಲ್ಲ? ಒಂದು ಹಳೆಯ ಉದಾಹರಣೆ ನೋಡಿ. 2005ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಭಾರತದಲ್ಲೇ ನಡೆದ ಒಂದು ಟ್ರಯಲ್ ಪ್ರಕಟವಾಯಿತು. ತೀವ್ರ ಮೇನಿಯಾ (ಮನಸ್ಸು ಮಿತಿಮೀರಿ ಉದ್ರೇಕಗೊಳ್ಳುವ ಕಾಯಿಲೆ) ಇದ್ದ 290 ರೋಗಿಗಳು. ಅರ್ಧದಷ್ಟು ಜನರಿಗೆ ರಿಸ್ಪೆರಿಡೋನ್, ಉಳಿದ ಅರ್ಧದಷ್ಟು ಜನರಿಗೆ ಮೂರು ವಾರ ಖಾಲಿ ಮಾತ್ರೆ. ಮೇನಿಯಾಕ್ಕೆ ಲಿಥಿಯಂ ಅನ್ನುವ ಔಷಧ ಆಗ ದಶಕಗಳಿಂದ ಇತ್ತು. ಇಷ್ಟು ಕಾಯಿಲೆ ಇದ್ದವರಿಗೆ ಖಾಲಿ ಮಾತ್ರೆ ಕೊಟ್ಟಿದ್ದು ಸರಿಯಾ, ಆ ಸ್ಥಿತಿಯಲ್ಲಿ ಅವರು ಕೊಟ್ಟ ಒಪ್ಪಿಗೆಗೆ ಅರ್ಥ ಇದೆಯಾ ಅಂತ ಅದೇ ಪತ್ರಿಕೆಗೆ ಬೇರೆ ವೈದ್ಯರು ಪತ್ರ ಬರೆದರು. ಆಗಿನ ಕಾಲ ಬೇರೆ, ಈಗಿನ ನಿಯಮ ಬಿಗಿಯಾಗಿದೆ, ಒಪ್ಪುತ್ತೇನೆ. ಆದರೆ ಖಾಲಿ ಮಾತ್ರೆಯ ಟ್ರಯಲ್ ಈಗಲೂ ನಡೆಯುತ್ತದೆ, ನನ್ನ ತಮ್ಮ ಸೇರಿದ್ದೂ ಅಂಥದ್ದಕ್ಕೇ. ಬೇರೆ ಮಾತ್ರೆ ಇದ್ದರೂ ರೋಗಿಗೆ ಕೆಲವು ವಾರ ಅದನ್ನು ಕೊಡದೆ ಇರಬಹುದು. ಟ್ರಯಲ್ ಮುಗಿದ ದಿನ ಮಾತ್ರ, ಬೇರೆ ಮಾತ್ರೆ ಇದೆಯಲ್ಲ, ಅದನ್ನೇ ನುಂಗು ಅಂತ ಕಳಿಸಬಹುದು. ಎರಡು ಸಲವೂ ನಷ್ಟ ರೋಗಿಗೇ ಆಗುತ್ತಿದೆ, ಅಲ್ವಾ?

ಟ್ರಯಲ್‌ಗಳ ನೀತಿಗೆ ಜಗತ್ತೆಲ್ಲ ಆಧಾರವಾಗಿ ಹಿಡಿಯುವ ಹೆಲ್ಸಿಂಕಿ ಘೋಷಣೆ 2024ರ ಅಕ್ಟೋಬರ್‌ನಲ್ಲಿ ಮತ್ತೆ ಪರಿಷ್ಕರಣೆ ಆಯಿತು. ಟ್ರಯಲ್‌ನಲ್ಲಿ ಉಪಯುಕ್ತ, ಸಾಕಷ್ಟು ಸುರಕ್ಷಿತ ಅಂತ ಕಂಡ ಚಿಕಿತ್ಸೆ ಯಾರಿಗೆ ಇನ್ನೂ ಬೇಕಾಗಿದೆಯೋ ಅವರಿಗೆಲ್ಲ ಮುಂದೆ ಏನು ವ್ಯವಸ್ಥೆ ಅನ್ನುವುದನ್ನು ಟ್ರಯಲ್ ಶುರುವಾಗುವ ಮೊದಲೇ ಮಾಡಿಟ್ಟಿರಬೇಕು ಅಂತ ಅದರಲ್ಲಿದೆ. ವಿನಾಯಿತಿ ಬೇಕಾದರೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಬೇರೆ ಚಿಕಿತ್ಸೆಯೇ ಇರಬಾರದು ಅನ್ನುವ ಷರತ್ತು ಅಲ್ಲಿಲ್ಲ. ಅದು ನಮ್ಮ ನಿಯಮದಲ್ಲಿದೆ.

ಇನ್ನು ಮಾತ್ರೆ ನಿಂತ ಮೇಲೆ ಏನಾಯಿತು ಅಂತ. ಮೊದಲು ನಿದ್ದೆ ಹೋಯಿತು. ಆಮೇಲೆ ಭಟ್ಟಿಯ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರನ್ನು ಯಾರೋ ಬರೆಯುತ್ತಿದ್ದಾರೆ ಅಂತ ಶುರು ಮಾಡಿದ. ಟಿವಿಯ ವೈರು ಕಿತ್ತ. ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊಸ ಮಾತ್ರೆ ನಿಂತದ್ದೊಂದೇ ಇದಕ್ಕೆ ಕಾರಣ ಅಂತ ನಾನು ಆಣೆ ಇಟ್ಟು ಹೇಳಲಾರೆ, ಈ ಕಾಯಿಲೆ ಸುಮ್ನೆ ಕೂಡ ಮರುಕಳಿಸುತ್ತದೆ. ಆದರೆ ಅದನ್ನು ಯಾರಾದರೂ ನೋಡಿದರಾ, ಎಲ್ಲಾದರೂ ಬರೆದುಕೊಂಡರಾ ಅನ್ನುವುದು ನನ್ನ ಪ್ರಶ್ನೆ. ಟ್ರಯಲ್ ನಡೆಯುವಾಗ ರೋಗಿ ಆಸ್ಪತ್ರೆಗೆ ದಾಖಲಾದರೆ ವೈದ್ಯರು 24 ಗಂಟೆಯೊಳಗೆ ನಿಮಗೆ, ಕಂಪನಿಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ನಿಜವಾದ ಚಿಕಿತ್ಸೆ ಇದ್ದೂ ಖಾಲಿ ಮಾತ್ರೆಯ ಟ್ರಯಲ್‌ನಲ್ಲಿ ಅದನ್ನು ಕೊಡದೆ ಹಾನಿಯಾದರೆ ಅದಕ್ಕೂ ಪರಿಹಾರ ಇದೆ ಅಂತ ನಿಯಮದಲ್ಲೇ ಬರೆದಿದೆ. (ಇದು ಎಷ್ಟು ಮನೆಯವರಿಗೆ ಗೊತ್ತು? ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ, ನಾನೇ ಓದಿಕೊಂಡು.) ಕೊನೆಯ ಭೇಟಿ ಮುಗಿದು ಕೆಲವು ತಿಂಗಳಾದ ಮೇಲೆ ಕಾಯಿಲೆ ಮರುಕಳಿಸಿದರೆ ಮಾತ್ರ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಾತ್ರೆ ಬಿಡಿಸಿದ್ದರಿಂದ ಏನಾಗುತ್ತದೆ ಅನ್ನುವುದೂ ಆ ಔಷಧದ ಬಗ್ಗೆ ತಿಳಿಯಬೇಕಾದ ವಿಷಯವೇ ತಾನೇ? ವಿಜ್ಞಾನದ ಹೆಸರಿನಲ್ಲೇ ಕೇಳುತ್ತಿದ್ದೇನೆ.

ಮನೆಯವರ ಮಾತಿಗೆ ಬೆಲೆ ಇಲ್ಲದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಎಲ್ಲ ಎಥಿಕ್ಸ್ ಕಮಿಟಿಗಳಿಗೂ ಗೊತ್ತಿರಬೇಕು. ಡ್ಯಾನ್ ಮಾರ್ಕಿಂಗ್‌ಸನ್ ಅನ್ನುವ ಯುವಕನನ್ನು 2003ರ ಕೊನೆಗೆ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಔಷಧಗಳ ಟ್ರಯಲ್‌ಗೆ ಸೇರಿಸಿದರು. ಚಿಕಿತ್ಸೆಗೆ ಒಪ್ಪದಿದ್ದರೆ ಕೋರ್ಟು ಅವನನ್ನು ಬಲವಂತವಾಗಿ ಆಸ್ಪತ್ರೆಯಲ್ಲಿ ಇರಿಸಬಹುದಾದ ಸ್ಥಿತಿಯಲ್ಲಿ ಅವನು ಸಹಿ ಹಾಕಿದ್ದ. ಮಗ ಹದಗೆಡುತ್ತಿದ್ದಾನೆ, ಟ್ರಯಲ್‌ನಿಂದ ತೆಗೆಯಿರಿ ಅಂತ ತಾಯಿ ಮೇರಿ ವೈಸ್ ಬರೆದರು, ಮತ್ತೆ ಬರೆದರು. 2004ರ ಮೇ ತಿಂಗಳಲ್ಲಿ ಅವನು ಜೀವ ಕಳೆದುಕೊಂಡ. 2009ರಲ್ಲಿ ಆ ರಾಜ್ಯ ಅಂಥ ಸ್ಥಿತಿಯಲ್ಲಿರುವವರನ್ನು ಟ್ರಯಲ್‌ಗೆ ಸೇರಿಸುವುದಕ್ಕೆ ಕಡಿವಾಣ ಹಾಕಿ ಕಾನೂನು ಮಾಡಿತು. ವಿಶ್ವವಿದ್ಯಾಲಯವನ್ನು ಕಟುವಾಗಿ ಟೀಕಿಸಿದ ಸರ್ಕಾರಿ ವರದಿ ಬಂದಿದ್ದು 2015ರಲ್ಲಿ. ಅಷ್ಟು ವರ್ಷ ಬೇಕಾಯಿತು ನೋಡಿ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಅದರ 99ನೇ ಸೆಕ್ಷನ್ ಪ್ರಕಾರ ಸಂಶೋಧನೆಗೆ ರೋಗಿಯ ಸ್ವಂತ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವನು ಇಲ್ಲದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಕಾಗದದಲ್ಲಿ ಚೆನ್ನಾಗಿದೆ. ಒಪ್ಪಿಗೆ ಕೊಟ್ಟ ಮೇಲೆ ಅವನು ಹದಗೆಟ್ಟರೆ, ಮನೆಯವರು ಟ್ರಯಲ್ ನಡೆಸುವ ಡಾಕ್ಟರನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗಿ ಕನ್ನಡದಲ್ಲಿ ಹೇಳಬೇಕು? ಫಾರಂನಲ್ಲಿ ಎಥಿಕ್ಸ್ ಕಮಿಟಿಯ ಫೋನ್ ನಂಬರು ಇತ್ತು. ಎತ್ತಿದವರು ಆಸ್ಪತ್ರೆಯ ಆಫೀಸಿನವರು, "ಇಮೇಲ್ ಮಾಡಿ ಮೇಡಂ" ಅಂದರು.

ಹಾಗಾಗಿ ನಾನು ಕೇಳುವುದು ಇವು.

ನಿಯಮ 27ರಲ್ಲಿ ಬೇರೆ ಚಿಕಿತ್ಸೆ ಇರಬಾರದು ಅನ್ನುವ ಷರತ್ತನ್ನು ತೆಗೆಯುವುದಕ್ಕೆ ನೀವು ಸಚಿವಾಲಯಕ್ಕೆ ಶಿಫಾರಸು ಮಾಡಬೇಕು. ಪೂರ್ತಿ ತೆಗೆಯಲು ಆಗದಿದ್ದರೆ, ಈ ರೋಗಿಗೆ ಮೊದಲು ಕೊಟ್ಟ ಚಿಕಿತ್ಸೆ ಸಾಕಾಗಿಲ್ಲ ಅಂತ ವೈದ್ಯರು ದಾಖಲೆ ಸಮೇತ ಬರೆದುಕೊಟ್ಟರೆ ಸಾಕು ಅಂತ ಮಾಡಿ. ಮಾತ್ರೆ ಅಪಾಯಕಾರಿ ಅಂತ ಗೊತ್ತಾದರೆ ಅಥವಾ ಅದು ಕೆಲಸ ಮಾಡುವುದಿಲ್ಲ ಅಂತ ಸಾಬೀತಾದರೆ ನಿಲ್ಲಿಸಲಿ, ಅದಕ್ಕೆ ಯಾರ ತಕರಾರೂ ಇಲ್ಲ. ತಯಾರಿಸುವುದನ್ನೇ ಕಂಪನಿ ಕೈಬಿಟ್ಟಿದ್ದರೆ ಏನು ಮಾಡುವುದು ಅಂತ ನೀವು ಕೇಳಬಹುದು. ಆಗಲೂ ಒಂದೇ ದಿನದಲ್ಲಿ ಬಾಟಲಿ ಕಿತ್ತುಕೊಳ್ಳದೆ, ಹಳೆಯ ಮಾತ್ರೆಗೆ ನಿಧಾನವಾಗಿ ಬದಲಾಯಿಸುವಷ್ಟು ದಿನದ ಔಷಧವನ್ನಾದರೂ ಕೊಡಲೇಬೇಕು ಅಂತ ಮಾಡುವುದು ಕಷ್ಟದ ಕೆಲಸ ಅಲ್ಲ.

ಅದಕ್ಕಿಂತ ಮುಂಚೆ, ನಿಯಮ ಬದಲಾಗುವುದಕ್ಕೆ ಕಾಯದೆಯೇ ಆಗುವ ಕೆಲಸ ಒಂದಿದೆ. ಟ್ರಯಲ್ ಮುಗಿದ ಮೇಲೆ ಈ ಔಷಧ ಸಿಗುತ್ತದೆಯೋ ಇಲ್ಲವೋ ಅನ್ನುವುದು ಸಮ್ಮತಿ ಪತ್ರದ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ಹೌದು ಅಥವಾ ಇಲ್ಲ ಅಂತ ಇರಲಿ. ಎಥಿಕ್ಸ್ ಕಮಿಟಿಗಳು ನಾಳೆಯಿಂದಲೇ ಇದನ್ನು ಕೇಳಬಹುದು. ಇಲ್ಲ ಅಂತ ಬರೆದಿದ್ದರೂ ನಾವು ಸೇರುತ್ತಿದ್ದೆವೋ ಏನೋ, ಆದರೆ ತಿಳಿದು ಸೇರುತ್ತಿದ್ದೆವು.

ಕೊನೆಯ ಮಾತ್ರೆ ನುಂಗಿದ ಮೇಲೆ ಕನಿಷ್ಠ ಆರು ತಿಂಗಳು ರೋಗಿ ಹೇಗಿದ್ದಾನೆ ಅಂತ ನೋಡಿ ಬರೆದಿಡುವುದು ಮನೋರೋಗದ ಟ್ರಯಲ್‌ಗಳಲ್ಲಿ ಕಡ್ಡಾಯ ಆಗಲಿ, ಆ ಅವಧಿಯ ಆಸ್ಪತ್ರೆ ಖರ್ಚಿನ ಪ್ರಶ್ನೆಯೂ ಅಲ್ಲೇ ತೀರ್ಮಾನ ಆಗಲಿ. ಇನ್ನು ಎಥಿಕ್ಸ್ ಕಮಿಟಿ. ಕನಿಷ್ಠ ಏಳು ಜನ ಇರಬೇಕು, ಅದರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರು ಕಾನೂನು ತಿಳಿದವರು, ಒಬ್ಬ ಮಹಿಳೆ ಅಂತೆಲ್ಲ ನಿಯಮ ಇದೆ. ಮನೋರೋಗದ ಔಷಧ ಚರ್ಚೆಗೆ ಬಂದಾಗ ಆ ಕಾಯಿಲೆಯನ್ನು ಸ್ವತಃ ಅನುಭವಿಸಿದವರೊಬ್ಬರು, ಇಲ್ಲದಿದ್ದರೆ ಅಂಥವರನ್ನು ನೋಡಿಕೊಂಡವರೊಬ್ಬರು ಅಲ್ಲಿ ಕೂತಿರಬೇಕು. ನಮ್ಮಲ್ಲಿ ಯಾರನ್ನು ಕೂರಿಸಿದ್ದರೂ, ಆಮೇಲೆ ಏನು ಕೊಡ್ತೀರಿ ಅಂತ ಮೊದಲ ಮೀಟಿಂಗಿನಲ್ಲೇ ಕೇಳುತ್ತಿದ್ದರು.

ರಾಜ್ಯ ಪ್ರಾಧಿಕಾರಕ್ಕೆ ಒಂದೇ ಮನವಿ. ಕರ್ನಾಟಕದಲ್ಲಿ ನಡೆಯುವ ಇಂಥ ಟ್ರಯಲ್‌ಗಳ ರೋಗಿಗಳು ಮತ್ತು ಮನೆಯವರು ಕನ್ನಡದಲ್ಲಿ ದೂರು ಹೇಳಿಕೊಳ್ಳುವುದಕ್ಕೆ, ಟ್ರಯಲ್ ನಡೆಸುವ ಆಸ್ಪತ್ರೆಗೆ ಸಂಬಂಧ ಇಲ್ಲದ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ.

ಈ ಪತ್ರದ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸುತ್ತಿದ್ದೇನೆ. ಅದರ ಜೊತೆ ತಮ್ಮನ ಒಪ್ಪಿಗೆ ಪಡೆದು ಅವನ ಡಿಸ್ಚಾರ್ಜ್ ಸಮ್ಮರಿ, ಸಮ್ಮತಿ ಪತ್ರದ ಪ್ರತಿ ಎರಡನ್ನೂ ಇಟ್ಟಿದ್ದೇನೆ. ಯಾವ ಟ್ರಯಲ್ ಅಂತ ನಿಮಗೆ ಅದರಿಂದ ಗೊತ್ತಾಗುತ್ತದೆ. "ನಿಮ್ಮ ಮನವಿಯನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ" ಅನ್ನುವ ಉತ್ತರ ದಯವಿಟ್ಟು ಬೇಡ. ನಿಯಮ 27ರ ಷರತ್ತು ಬದಲಾಗುತ್ತದೆಯೋ ಇಲ್ಲವೋ ಹೇಳಿ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಬರೆಯಿರಿ, ಕಾರಣ ಸಮೇತ.

ಇಂತಿ,
ಟ್ರಯಲ್‌ಗೆ ಸೇರಿದ್ದವನೊಬ್ಬನ ಅಕ್ಕ,
ದಾವಣಗೆರೆ ಜಿಲ್ಲೆ